ಪೌಲರ ಬಾಡಿಗೆ ಮನೆ



ಜೂನ್ 29 ಸಂತ ಪೇತ್ರ ಮತ್ತು ಸಂತ ಪೌಲರ ಹಬ್ಬ. ಪೌಲರೆಂದರೆ ಕತ್ತಿ ಹಿಡಿದ ಸ್ವರೂಪ ನಮಗೆ ನೆನಪಾಗುತ್ತದೆ. ಪ್ರೇಷಿತರ ಕಾರ್ಯಕಲಾಪಗಳ ಕೊನೆಯ ಅಧ್ಯಾಯದಲ್ಲಿ ಅವರು ಬಾಡಿಗೆದಾರರು. ರೋಮಿನಲ್ಲಿ ಎರಡು ವರ್ಷ ಸ್ವಂತ ಖರ್ಚಿನಲ್ಲಿ ಬಾಡಿಗೆ ಮನೆಯಲ್ಲಿದ್ದರು (28:30). ಪರವೂರಿನವರು, ವಿಚಾರಣೆಗೆ ಕಾದಿದ್ದ ಕೈದಿ, ಜೊತೆಗೆ ಕಾವಲಿಗೊಬ್ಬ ಸೈನಿಕ, ದಿನವೂ ಬಂದುಹೋಗುವ ಜನ. ಇಂಥವರಿಗೆ ನಮ್ಮಲ್ಲಿ ಎಷ್ಟು ಮಂದಿ ಬೀಗದ ಕೈ ಕೊಡುತ್ತಿದ್ದೆವು? ರೋಮಿನಲ್ಲಿ ಯಾರೋ ಕೊಟ್ಟರು. ಲೂಕರು ಅವರ ಹೆಸರು ಬರೆದಿಲ್ಲ.

ಹೊಸೂರಿನಲ್ಲಿ ಈ ಮಾತು ಆಡಲೇಬೇಕಾಗಿದೆ. ಸಿಪ್ಕಾಟ್ ಕಾರ್ಖಾನೆಗಳು ಬಂದ ಮೇಲೆ ಹೊಲ ಮಾರಿದ ಹಣದಲ್ಲೋ, ನಿವೃತ್ತಿಯ ಗಂಟಿನಲ್ಲೋ, ಬ್ಯಾಂಕ್ ಸಾಲದಲ್ಲೋ ಲೈನ್ ಮನೆ ಕಟ್ಟಿಸಿದವರು ನಮ್ಮಲ್ಲೂ ಇದ್ದಾರೆ. ಅದು ಪಾಪವಲ್ಲ. ವಯಸ್ಸಾದ ವಿಧವೆಗೆ ಎರಡು ಮನೆಯ ಬಾಡಿಗೆಯೇ ಪಿಂಚಣಿ. ಲೆಕ್ಕ ಹಾಕುವುದೂ ತಪ್ಪಲ್ಲ. 30 ಲಕ್ಷ ಹಾಕಿ ಆರು ಮನೆ ಕಟ್ಟಿ, ತಿಂಗಳಿಗೆ ತಲಾ 5,000 ರೂಪಾಯಿ ಬಂದರೆ ವರ್ಷಕ್ಕೆ 3,60,000, ನೂರಕ್ಕೆ 12. ತೆರಿಗೆ, ಸುಣ್ಣಬಣ್ಣ, ಮನೆ ಖಾಲಿ ಬಿದ್ದ ತಿಂಗಳುಗಳನ್ನು ಕಳೆದರೆ ಅಷ್ಟು ಉಳಿಯದು. ಆ ಕೊರತೆಯನ್ನು ಯಾರ ಜೇಬಿನಿಂದ ತುಂಬಿಕೊಳ್ಳುತ್ತೇವೆ?

ಒಂದೇ ಕೋಣೆಗೆ ಎಂಟು ಹುಡುಗರನ್ನು ಸೇರಿಸಿ ತಲೆಗಿಷ್ಟು ಎಂದು ವಸೂಲಿ ಮಾಡುವುದುಂಟು. ತಮಿಳುನಾಡಿನಲ್ಲಿ ಮನೆ ಬಳಕೆಗೆ ಎರಡು ತಿಂಗಳಿಗೆ ಮೊದಲ 100 ಯೂನಿಟ್ ಕರೆಂಟು ಉಚಿತ. ಸಬ್ ಮೀಟರ್ ಇಟ್ಟ ಮಾಲೀಕ ಮೊದಲ ಯೂನಿಟ್‌ನಿಂದಲೇ ಹಣ ಎಣಿಸುತ್ತಾನೆ. ಮನೆ ಬಿಡುವಾಗ ಗೋಡೆಯ ಮೊಳೆ ತೋರಿಸಿ ಅಡ್ವಾನ್ಸಿಗೆ ಕತ್ತರಿ. ಒಡಿಶಾದಿಂದಲೋ ಜಾರ್ಖಂಡಿನಿಂದಲೋ ಬಂದ ಹುಡುಗಿ ಯಾರ ಬಳಿ ದೂರುತ್ತಾಳೆ? ಅವಳಿಗೆ ತಮಿಳೂ ಬಾರದು, ಕನ್ನಡವೂ ಬಾರದು. ತಮಿಳರ ನಡುವೆ ಕನ್ನಡದಲ್ಲಿ ಜಪ ಹೇಳಿಕೊಂಡು ಬಂದ ನಮಗೆ ಆ ಕಷ್ಟವನ್ನು ಯಾರೂ ವಿವರಿಸಬೇಕಿಲ್ಲ.

ಸಾಲ ಕೊಟ್ಟವನು ಒತ್ತೆ ತರಲು ಸಾಲಗಾರನ ಮನೆಯೊಳಗೆ ಕಾಲಿಡಬಾರದು, ಹೊರಗೇ ನಿಲ್ಲಬೇಕು ಎಂದು ಧರ್ಮೋಪದೇಶಕಾಂಡ ವಿಧಿಸುತ್ತದೆ (24:10-11). ಹಣ ಇವನದಾದರೂ ಹೊಸ್ತಿಲು ಅವನದು. ಬಾಡಿಗೆ ತಡವಾಯಿತೆಂದು ಬೀಗ ಜಡಿಯುವವರು, ನೀರು ನಿಲ್ಲಿಸುವವರು ಈ ಭಾಗವನ್ನು ಮನೆಯಲ್ಲಿ ಗಟ್ಟಿಯಾಗಿ ಓದಲಿ. ಭೂಮಿ ದೇವರದು, ನಾವು ಅವರ ಬಳಿ ತಂಗಿರುವ ಪರದೇಶಿಗಳು ಎಂಬುದು ಯಾಜಕಕಾಂಡದ ಮಾತು (25:23). ಪಟ್ಟಾದಲ್ಲಿ ನಮ್ಮ ಹೆಸರಿದೆ, ನಿಜ. ಅದರಲ್ಲಿ ತಾತನ ಹೆಸರೂ ಒಂದು ಕಾಲಕ್ಕೆ ಇತ್ತು.

'ಒಳ್ಳೆಯ ಬಾಡಿಗೆದಾರರು ಸಿಗಲಿ ಅಂತ ಪ್ರಾರ್ಥಿಸಿ ಫಾದರ್' ಎಂದು ಕೇಳುವವರಿದ್ದಾರೆ. ತಾನು ಒಳ್ಳೆಯ ಮಾಲೀಕನಾಗಲಿ ಎಂದು ಕೇಳಿದವರು ಇನ್ನೂ ಸಿಕ್ಕಿಲ್ಲ.

ಹಬ್ಬದೊಳಗೆ ಆಗುವ ಕೆಲಸಗಳಿವೆ. ಬಾಯಿಮಾತಿನಲ್ಲಿ ಮನೆ ಕೊಟ್ಟವರು ಕರಾರು ಬರೆಯಿರಿ. ರಾಜ್ಯದ 2017ರ ಬಾಡಿಗೆ ಕಾಯಿದೆಯೂ ಅದನ್ನೇ ಕೇಳುತ್ತದೆ. ತೆಗೆದುಕೊಂಡ ಅಡ್ವಾನ್ಸಿಗೆ ರಸೀದಿ ಕೊಡಿ. ಮನೆ ಬಿಟ್ಟು ಊರಿಗೆ ಹೋದ ಯಾರದಾದರೂ ಹಣ ನಿಮ್ಮಲ್ಲಿ ಉಳಿದಿದ್ದರೆ, ಅವರ ನಂಬರು ನಿಮ್ಮ ಫೋನಿನಲ್ಲಿ ಇನ್ನೂ ಇದ್ದೀತು.