ಅಲೆ ಮತ್ತು ಹರಳು

ಅತ್ಯುನ್ನತದ ಆ ಎಳೆಮೋಡಗಳು ಹಿಮದ ಹರಳುಗಳ ರಾಶಿ. ಅಲ್ಲಿ ಉಷ್ಣತೆ ಸೊನ್ನೆಗಿಂತ 40 ಡಿಗ್ರಿ ಕೆಳಗಿದ್ದರೂ, ಆವಿ ತುಂಬಿ ಮಿಕ್ಕಿದ್ದರೂ ಹರಳು ಕಟ್ಟದೆ ಕಾದಿರಬಲ್ಲದು. ದೂರದ ಬೆಟ್ಟಕ್ಕೆ ಬಡಿದ ಗಾಳಿಯಿಂದೆದ್ದ ಅಲೆಯೊಂದು ಬಂದು ಆ ಗಾಳಿಯನ್ನು 100 ಮೀಟರು ಎತ್ತಿತೆನ್ನಿ. ಒಂದು ಡಿಗ್ರಿ ತಣಿಯುತ್ತದೆ, ಕೆಲವೊಮ್ಮೆ ಅಷ್ಟೇ ಸಾಕು. ಮೆಲ್ಲಗೆ ಎತ್ತಿದರೆ ಹರಳು ಕೆಲವೇ, ದೊಡ್ಡವು. ರಭಸದಿಂದೆತ್ತಿದರೆ ಸಣ್ಣವು, ಲೆಕ್ಕವಿಲ್ಲದಷ್ಟು. ಅಲೆ ಅಷ್ಟರಲ್ಲಿ ಮುಂದೆ ಹೋಗಿರುತ್ತದೆ.

ಮೋಡಕ್ಕೆ ಹೊಣೆ ಯಾರು? ಉಪಾದಾನ ಬೇರೆ, ನಿಮಿತ್ತ ಬೇರೆ ಎಂದರು ನಮ್ಮ ದಾರ್ಶನಿಕರು. ‘ನಾನು ನಿಮಿತ್ತ ಮಾತ್ರ’ ಎಂದು ನಾವು ಕೈ ತೊಳೆದುಕೊಳ್ಳುವುದು ಈ ಬಲದಿಂದಲೇ. ಹಿಂದೊಮ್ಮೆ ತರಗತಿಯಲ್ಲಿ ಹುಡುಗನೊಬ್ಬನ ಪದ್ಯ ಓದಿ ನಕ್ಕುಬಿಟ್ಟೆ. ಅವನು ಮತ್ತೆ ಬರೆದು ತರಲಿಲ್ಲ. ಅಳುಕು ಅವನಲ್ಲೇ ಇತ್ತೆಂದು ಬಹುಕಾಲ ಸಮಾಧಾನಪಟ್ಟುಕೊಂಡೆ. ಇದ್ದಿರಬಹುದು. ಆದರೆ ಆ ದಿನ ನಕ್ಕ ರಭಸ ನನ್ನದು.