ತಂತಿ ಮತ್ತು ಹಲಗಿ



ಇವತ್ತಿನ ಚಿಂತನೆ ಬರೆಯುವ ಸರದಿ ನನ್ನದು. ಸುತ್ತಗಳನ್ನು ಬಿಡಿಸಿ ಹೇಳುವಷ್ಟು ಓದಿದವನಲ್ಲ ನಾನು, ಲಾರಿಗಳ ವೈರಿಂಗ್ ಮಾಡುವವನು. ಹಾಗಾಗಿ ಆರು ತಿಂಗಳಿಂದ ನಮ್ಮ ಮನೆಯಲ್ಲಿ ನಡೆದಿರುವ ಒಂದು ತಕರಾರನ್ನೇ ನಿಮ್ಮ ಮುಂದೆ ಇಡುತ್ತೇನೆ.

2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ತಂಡ ನುಡಿಸಿದಾಗ ನನ್ನ ಅಕ್ಕನ ಮಗ ಅಲ್ಲಿದ್ದ. ಅದೇ ವರ್ಷ ಜುಲೈ ಕೊನೆಗೆ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತ್ತು. ಸಂಡೂರಿನಲ್ಲಿ ನಾನಿದ್ದ ಗ್ಯಾರೇಜಿನ ಮುಂದೆ ಲಾರಿಗಳು ಸಾಲಾಗಿ ನಿಂತಿದ್ದವು, ಕೈಯಲ್ಲಿ ಕೆಲಸವಿರಲಿಲ್ಲ. ಟಿಕೆಟಿಗೆ ಸುರಿದ ದುಡ್ಡು ಕೇಳಿ ಹುಡುಗನನ್ನು ಬಾಯಿಗೆ ಬಂದಂತೆ ಬೈದಿದ್ದೆ. ಈಗ ಅವನು ಕೆಲಸಕ್ಕೆಂದು ಹೊರದೇಶಕ್ಕೆ ಹೋಗಿದ್ದಾನೆ. ಹೋಗುವಾಗ ತನ್ನ ಬೇಸ್ ಗಿಟಾರು, ಒಂದು ಸಣ್ಣ ಆಂಪ್ಲಿಫೈಯರು ಎರಡನ್ನೂ ಹೊಸಪೇಟೆಯ ನಮ್ಮ ಮನೆಯಲ್ಲಿ ಬಿಟ್ಟ. "ಮಾವಾ, ಸುಮ್ನ ಇಟ್ರ ಕೆಡತೈತಿ, ಬಾರಿಸ್ತಿರು" ಅಂದ. ಮೊದಲು ಕಲಿಯಲಿ ಎಂದು ಕಳಿಸಿದ ಹಾಡು ಬ್ಲ್ಯಾಕ್ ಸಬ್ಬತ್ ತಂಡದ "ಐರನ್ ಮ್ಯಾನ್", 1970ರದ್ದು. ಸಂಡೂರಿನ ಅದಿರಿನ ಧೂಳು ಕುಡಿದವನಿಗೆ ಕಬ್ಬಿಣದ ಮನುಷ್ಯನ ಹಾಡು ಸರಿಯಾಗಿಯೇ ಸಿಕ್ಕಿತು ಅಂತ ನಕ್ಕೆ.

ನಗದೇ ಇದ್ದವರು ನಮ್ಮಪ್ಪ. ಎಪ್ಪತ್ತೆಂಟು ವರ್ಷ ಅವರಿಗೆ. "ಈ ಮನ್ಯಾಗ ಬಾರಿಸೋದು ನಮ್ಮಪ್ಪಗ ಮುಗೀತು" ಅಂದರು. ಅಷ್ಟೇ ಮಾತು. ಆಮೇಲೆ ನಾನು ಗಿಟಾರು ಎತ್ತಿಕೊಂಡರೆ ಎದ್ದು ಹೊರಗಿನ ಕಟ್ಟೆಗೆ ಹೋಗಿ ಕೂರುತ್ತಿದ್ದರು.

ನಮ್ಮಜ್ಜ ಕಂಪ್ಲಿ ಕಡೆಯ ಒಂದು ಹಳ್ಳಿಯವನು. ಹೆಣದ ಮುಂದೆ ಹಲಗಿ, ಜಾತ್ರೆಗೆ ಹಲಗಿ, ಡಂಗುರಕ್ಕೆ ಹಲಗಿ. ಒಲ್ಲೆ ಅನ್ನುವ ಹಾಗಿಲ್ಲ. ಕೂಲಿ ಅಂದರೆ ಸುಗ್ಗಿಯಲ್ಲಿ ಒಂದಿಷ್ಟು ಕಾಳು. ಬಾರಿಸುವಾಗ ಊರೆಲ್ಲ ಅವನ ಹಿಂದೆ, ಬಾರಿಸಿದ ಮೇಲೆ ಅವನು ಊರ ಹೊರಗೆ. ಅಜ್ಜ ಸತ್ತ ವರ್ಷ ಅಪ್ಪ ಆ ಹಲಗಿಯನ್ನು ಕಾಲುವೆಗೆ ಎಸೆದು ಹೊಸಪೇಟೆಗೆ ಬಂದರು. ಮುಂದೆ ದಲಿತ ಸಂಘರ್ಷ ಸಮಿತಿಯ ಹುಡುಗರು ಅದೇ ವಾದ್ಯವನ್ನು ಬೀದಿಗೆ ತಂದು ಹೋರಾಟದ ಹಾಡಿಗೆ ಬಾರಿಸಿದರು. ಅಪ್ಪ ಆ ಸಭೆಗಳಿಗೆಲ್ಲ ಹೋದರು, ಕೂಗಿದರು, ಆದರೆ ಹಲಗಿ ಮಾತ್ರ ಕೈಯಲ್ಲಿ ಹಿಡಿಯಲಿಲ್ಲ.

ಹಂಪಿಯಲ್ಲಿ ವಿಠ್ಠಲ ದೇವಸ್ಥಾನದ ಸಂಗೀತದ ಕಂಬಗಳನ್ನು ನೋಡಿದ್ದೀರಿ. ಈಗ ಅವನ್ನು ತಟ್ಟಬಾರದೆಂದು ಕಾವಲಿದೆ, ಒಳ್ಳೆಯದೇ. ಕಲ್ಲು ನುಡಿದರೆ ಅದ್ಭುತ ಎಂದು ದೇಶ ವಿದೇಶದಿಂದ ಜನ ಬರುತ್ತಾರೆ. ನಮ್ಮಜ್ಜ ಚರ್ಮ ನುಡಿಸಿದ್ದಕ್ಕೆ ಅವನ ಕೈ ಮೈಲಿಗೆಯಾಯಿತು. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಆದರೂ ಪ್ರಶ್ನೆ ಇದು: ಹೊರಿಸಿದ ಕೆಲಸವನ್ನು ಬಿಡುವಾಗ ಅದರೊಳಗಿನ ವಿದ್ಯೆಯನ್ನೂ ಬಿಡಬೇಕೇ? ಅಪ್ಪ ಬಿಟ್ಟದ್ದು ತಪ್ಪು ಅನ್ನಲಾರೆ. ಅವತ್ತು ಬಿಡದೆ ಹೋಗಿದ್ದರೆ ನಾನೂ ಇವತ್ತು ಯಾರದೋ ಹೆಣದ ಮುಂದೆ ಇರುತ್ತಿದ್ದೆ. ಆದರೆ ಬಾಬಾಸಾಹೇಬರು ಇಳಿವಯಸ್ಸಿನಲ್ಲಿ ಪಿಟೀಲು ಕಲಿಯಲು ಕೂತಿದ್ದರು. ಅಷ್ಟು ಕೆಲಸ, ಅಷ್ಟು ಕಾಯಿಲೆ, ಅದರ ನಡುವೆ ಪಿಟೀಲು! ಯಾರೂ ಕರೆಸಿ ಬಾರಿಸು ಅನ್ನಲಿಲ್ಲ, ಯಾರೂ ಕಾಳು ಅಳೆದು ಕೊಡಲಿಲ್ಲ. ತಮಗೆ ಬೇಕೆನಿಸಿತು, ಕಲಿತರು. ವ್ಯತ್ಯಾಸ ವಾದ್ಯದಲ್ಲಿಲ್ಲ, ಇಲ್ಲಿದೆ ಅಂತ ನನಗೆ ತೋರುತ್ತದೆ.

ಧಮ್ಮದಲ್ಲಿ ಇದಕ್ಕೆ ಅಡ್ಡಿಯುಂಟೇ ಎಂದು ನಮ್ಮ ಕೂಟದ ಹಿರಿಯರೊಬ್ಬರನ್ನು ಕೇಳಿದೆ. ಪಂಚಶೀಲದಲ್ಲಿ ಸಂಗೀತ ಬೇಡವೆಂದಿಲ್ಲ, ಹುಣ್ಣಿಮೆಯ ದಿನ ಅಷ್ಟಶೀಲ ಹಿಡಿದರೆ ಮಾತ್ರ ಬಿಡಬೇಕು ಅಂದರು. ಹುಣ್ಣಿಮೆಗೆ ಮುಟ್ಟುವುದಿಲ್ಲ. ಉಳಿದ ದಿನ ರಾತ್ರಿ ಊಟವಾದ ಮೇಲೆ ಒಂದು ಗಂಟೆ.

ಬೇಸಿಗೆ ನಾಲ್ಕೇ ತಂತಿ, ಆದರೆ ದಪ್ಪ. ಲಾರಿ ಕೇಬಲ್ ಎಳೆದು ದಡ್ಡುಗಟ್ಟಿದ ನನ್ನ ಕೈಗೂ ಮೊದಲ ತಿಂಗಳು ಬೆರಳ ತುದಿಯಲ್ಲಿ ಬೊಬ್ಬೆ ಎದ್ದು ಒಡೆದವು. ಹಟ ಹಿಡಿದು ಬಾರಿಸಿದೆ, ರಕ್ತ ಬಂತು. ಆಗ ನೆನಪಾದವನು ಸೋಣ. ಚಂಪಾ ನಗರದ ಸಿರಿವಂತರ ಮಗ, ಭಿಕ್ಷುವಾಗಿ ಅಂಗಾಲು ಒಡೆದು ರಕ್ತ ಸೋರುವ ತನಕ ಚಂಕ್ರಮಣ ಮಾಡಿದವನು. ಇನ್ನು ಆಗದು, ಮನೆಗೆ ಹೋಗುತ್ತೇನೆ ಎಂದುಕೊಂಡಾಗ ಭಗವಾನರು ಬಂದು ಅವನ ಹಳೆಯ ವೀಣೆಯನ್ನು ನೆನಪಿಸಿದರು. ತಂತಿ ಬಿಗಿಯಾದರೆ ನುಡಿಯುವುದಿಲ್ಲ, ಸಡಿಲವಾದರೂ ನುಡಿಯುವುದಿಲ್ಲ. ಈ ಕಥೆಯನ್ನು "ಅತಿ ಬೇಡ" ಎಂಬ ಒಂದೇ ಮಾತಿಗೆ ಇಳಿಸಿ ಹೇಳುತ್ತೇವೆ. ತಂತಿ ಶ್ರುತಿ ಮಾಡಲು ಕೂತ ಮೇಲೆ ನನಗೆ ಬೇರೆ ಕಂಡಿತು. ಬಿಗಿ ಎಷ್ಟಿರಬೇಕೆಂದು ಹೊರಗೆ ಎಲ್ಲೂ ಬರೆದಿಟ್ಟಿಲ್ಲ. ಆಯಾ ವಾದ್ಯಕ್ಕೆ, ಆಯಾ ಕೈಗೆ ಅದರದೇ ಅಳತೆ.

ಬ್ಲ್ಯಾಕ್ ಸಬ್ಬತ್ತಿನ ಗಿಟಾರಿಸ್ಟ್ ಟೋನಿ ಅಯೋಮಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಕೂಲಿ ಹುಡುಗ. ಹದಿನೇಳನೇ ವಯಸ್ಸಿಗೆ ತಗಡಿನ ಕಾರ್ಖಾನೆಯಲ್ಲಿ, ಅದೂ ಕೆಲಸದ ಕೊನೆಯ ದಿನ, ಯಂತ್ರಕ್ಕೆ ಸಿಕ್ಕು ಬಲಗೈಯ ಎರಡು ಬೆರಳ ತುದಿ ಹೋದವು. ಅವನು ಎಡಚ, ತಂತಿ ಒತ್ತುವ ಕೈಯೇ ಅದು. ಸೋಪಿನ ನೀರಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ. ಮುಂದೆ ತಂತಿಗಳನ್ನೇ ಸಡಿಲಿಸಿದ. 1971ರ ಆಲ್ಬಮ್ಮಿನ ಕೆಲವು ಹಾಡಿಗೆ ಮೂರು ಅರ್ಧಸ್ವರ ಇಳಿಸಿದರು, ಬೇಸ್ ನುಡಿಸುವ ಗೀಜರ್ ಬಟ್ಲರನೂ ಜೊತೆಗೇ ಇಳಿಸಿದ. ಜಗತ್ತು ಹೆವಿ ಮೆಟಲ್ ಎಂದು ಕರೆಯುವ ಆ ಭಾರದ ಸದ್ದಿನಲ್ಲಿ ಗಾಯಗೊಂಡ ಒಬ್ಬ ಕಾರ್ಮಿಕನ ಕೈಗೆ ಒಗ್ಗಿದ ಸಡಿಲವೂ ಸೇರಿದೆ. ಸೋಣನ ಕಥೆಗೆ ಇದು ವಿರುದ್ಧವಲ್ಲ ಎಂದೇ ನನ್ನ ಲೆಕ್ಕ. ಒಪ್ಪದವರು ಭಾನುವಾರದ ಕೂಟದಲ್ಲಿ ಬೈಯಬಹುದು.

ಆದರೆ ಆ ಹಾಡುಗಳ ತುಂಬ ಸಿಟ್ಟಲ್ಲವೇ, ಮೈತ್ರಿ ಬೆಳೆಸಬೇಕಾದವನಿಗೆ ಅದೇಕೆ ಎಂದು ಮಡದಿ ಕೇಳಿದಳು. ನ್ಯಾಯವಾದ ಪ್ರಶ್ನೆ. ಇದೇ ತಂಡದ "ವಾರ್ ಪಿಗ್ಸ್" ಬಡವರ ಮಕ್ಕಳನ್ನು ಯುದ್ಧಕ್ಕೆ ಅಟ್ಟಿ ತಾವು ಮನೆಯಲ್ಲಿ ಉಳಿಯುವ ದೊಡ್ಡವರ ಮೇಲಿನ ಸಿಟ್ಟು. ಅನ್ಯಾಯ ಕಂಡು ಏಳುವ ಸಿಟ್ಟನ್ನು ಇಲ್ಲವೆಂದರೆ ಅದು ಸುಳ್ಳು, ಮುಸಾವಾದಕ್ಕೆ ಹತ್ತಿರ. ಹಾಗೆಂದು ಅದನ್ನು ಸಾಕಿಕೊಂಡು ಕೂತರೆ ನನ್ನನ್ನೇ ಸುಡುತ್ತದೆ, ಅದನ್ನೂ ಕಂಡಿದ್ದೇನೆ. ಅಜ್ಜನ ಹೆಸರಲ್ಲಿ ಸುಮ್ಮಸುಮ್ಮನೆ ಯಾರ ಯಾರ ಮೇಲೋ ಕೈ ಎತ್ತಿದ ವಯಸ್ಸು ನನಗೂ ಇತ್ತು. ಬೇಸಿನಲ್ಲಿ ಸಿಟ್ಟಿನಿಂದ ಬಾರಿಸಿದರೆ ತಾಳ ಓಡುತ್ತದೆ, ಹಾಡು ಕೆಡುತ್ತದೆ. ಇನ್ನೊಂದು, ಈ ವಾದ್ಯದಲ್ಲಿ ಅರ್ಧ ಕೆಲಸ ನುಡಿಸುವುದಲ್ಲ, ತಡೆಯುವುದು. ಒಂದು ತಂತಿ ಮೀಟಿದರೆ ಪಕ್ಕದವೂ ಗುಂಯ್ ಅನ್ನುತ್ತವೆ. ಖಾಲಿ ಇರುವ ಬೆರಳುಗಳನ್ನು ಅವುಗಳ ಮೇಲೆ ಮೆತ್ತಗೆ ಇಟ್ಟಿರಬೇಕು. ಒತ್ತಬಾರದು, ಬಿಡಲೂ ಬಾರದು. ಸಮ್ಮಾ ವಾಯಾಮದಲ್ಲಿ ಕೆಟ್ಟದ್ದು ಏಳದಂತೆ ಕಾಯುವುದು ಎಂದು ಓದುತ್ತೇವಲ್ಲ, ಅದು ನನ್ನ ಬೆರಳಿಗೆ ತಿಳಿದದ್ದು ಹೀಗೆ. ತಲೆಗೆ ಇನ್ನೂ ಪೂರ್ತಿ ಇಳಿದಿಲ್ಲ.

ಕಳೆದ ವಾರ ರಾತ್ರಿ ಕರೆಂಟ್ ಹೋಯಿತು. ಆಂಪ್ಲಿಫೈಯರ್ ಇಲ್ಲದೆ ಕತ್ತಲಲ್ಲೇ ನಿಧಾನ ಬಾರಿಸುತ್ತಿದ್ದೆ. ಸೆಕೆಗೆ ಅಪ್ಪ ಕಟ್ಟೆಯ ಮೇಲೆಯೇ ಇದ್ದರು, ಬಾಗಿಲು ತೆಗೆದಿತ್ತು. ಒಂದೇ ತುಣುಕನ್ನು ಹತ್ತು ಸಲ ಬಾರಿಸಿರಬೇಕು.

"ಮೂರನೇ ಪೆಟ್ಟು ತಡ ಆಗಾಕತ್ತೈತಿ" ಅಂದರು ಹೊರಗಿನಿಂದ.

ನಾನು ನಿಲ್ಲಿಸಿದೆ. ಕಟ್ಟೆಯ ಕಲ್ಲಿನ ಮೇಲೆ ಬೆರಳಿನಿಂದ ತಟ್ಟಿ ತೋರಿಸಿದರು, ಎರಡು ಸಲ. ಸರಿಯಾಗಿತ್ತು. ಯಾವಾಗ ಕಲಿತಿರಿ, ಅಜ್ಜನ ಜೊತೆ ನೀವೂ ಹೋಗುತ್ತಿದ್ದಿರಾ ಎಂದು ಕೇಳಬೇಕೆಂದು ಬಾಯಿಗೆ ಬಂತು, ಕೇಳಲಿಲ್ಲ.

"ಅಂದ್ರ ನಂಗ ಹಿಡಿಸೇತಿ ಅಂತಲ್ಲ" ಅಂದು ಅವರು ಒಳಗೆ ಹೋಗಿ ಮಲಗಿದರು.

ಜೈ ಭೀಮ್.