ಒಳ್ಳೆಯದಕ್ಕೆ ಮಾತ್ರ

ಪುಣೆಯ ನಮ್ಮ ಆಫೀಸಿನಲ್ಲಿ ನನ್ನದು ನೀರಸ ಕೆಲಸ. ನಮ್ಮ ತಂತ್ರಾಂಶದಲ್ಲಿ ಹೊರಗಿನವರ ಕೋಡ್ ಎಲ್ಲೆಲ್ಲಿದೆ, ಅದರ ಲೈಸೆನ್ಸ್ ಯಾವುದು ಎಂದು ನೋಡಿ ಸಹಿ ಹಾಕುವುದು. ಹೋದ ವರ್ಷ ಹೀಗೆ ನೋಡುವಾಗ ಡಗ್ಲಸ್ ಕ್ರಾಕ್‌ಫರ್ಡ್ ಅವರ ಹಳೆಯ ಜೇಸನ್ ಲೈಬ್ರರಿ ಸಿಕ್ಕಿತು. ಎಲ್ಲರಿಗೂ ಗೊತ್ತಿರುವ ಎಂಐಟಿ ಲೈಸೆನ್ಸಿಗೆ ಅವರು 2002ರಲ್ಲಿ ಒಂದು ಸಾಲು ಸೇರಿಸಿದ್ದರು: ಇದನ್ನು ಒಳ್ಳೆಯದಕ್ಕೆ ಬಳಸಬೇಕು, ಕೆಟ್ಟದ್ದಕ್ಕಲ್ಲ.

ನಾನು ನಕ್ಕೆ. ನಮ್ಮ ಕಾನೂನು ವಿಭಾಗದವರು ನಗಲಿಲ್ಲ. ಡೆಬಿಯನ್‌ನವರೂ ನಕ್ಕಿರಲಿಲ್ಲ. ಯಾವ ಕ್ಷೇತ್ರದ ಬಳಕೆಗೂ ತಡೆ ಇರಬಾರದು ಎನ್ನುತ್ತದೆ ಅವರ ಮಾರ್ಗಸೂಚಿಯ 6ನೆಯ ಅಂಶ. ಹಾಗಾಗಿ ಈ ಸಾಲಿರುವ ಕೋಡ್ ಅವರ ಲೆಕ್ಕದಲ್ಲಿ ಸ್ವತಂತ್ರ ತಂತ್ರಾಂಶವೇ ಅಲ್ಲ. ಅಪಾಚೆ ಫೌಂಡೇಶನ್ ಕೂಡ 2016ರಲ್ಲಿ ಇದನ್ನು ಹೊರಗಿಟ್ಟಿತು. ಇದೇ ಸಾಲಿದ್ದ ಜೆಎಸ್‌ಲಿಂಟ್ ವಿಷಯದಲ್ಲಿ ಒಂದು ದೊಡ್ಡ ಕಂಪನಿಯ ವಕೀಲರು ಕೇಳಿಕೊಂಡಾಗ, ಕೆಟ್ಟದ್ದಕ್ಕೂ ಬಳಸಿಕೊಳ್ಳಿ ಎಂದು ಅನುಮತಿ ಕೊಟ್ಟಿದ್ದನ್ನು ಕ್ರಾಕ್‌ಫರ್ಡ್ ಅವರೇ ಭಾಷಣವೊಂದರಲ್ಲಿ ಹೇಳಿ ನಗಿಸಿದ್ದರು.

ನಗದವರ ವಾದ ಸರಿಯೇ. ಒಳ್ಳೆಯದು ಯಾವುದೆಂದು ತೀರ್ಮಾನಿಸುವವರು ಯಾರು? ಮದ್ಯದಂಗಡಿಯ ಲೆಕ್ಕ ಬರೆಯುವುದು ಒಬ್ಬರಿಗೆ ಪಾಪ, ಇನ್ನೊಬ್ಬರಿಗೆ ಅನ್ನ. ಬರೆದವರಿಗೆ ತಮಾಷೆಯಾದದ್ದು ನಾಳೆ ಕೋರ್ಟಿನಲ್ಲೂ ತಮಾಷೆಯಾಗಿಯೇ ಉಳಿಯುತ್ತದೆಂಬ ಭರವಸೆಯಿಲ್ಲ. ಹಂಚುವವರು ಬಳಸುವವರ ಮನಸ್ಸಿನ ಕಾವಲು ಕಾಯಲಾರರು.

ಎರಡು ದಿನದಲ್ಲಿ ಬೇರೆ ಲೈಬ್ರರಿ ಹಾಕಿದೆವು. ನಿರಾಳವಾಯಿತು. ಆಮೇಲೆ ಆ ನಿರಾಳವೇ ಕಾಡತೊಡಗಿತು. ನಾವು ಮಾಡುವುದು ಸಾಲ ವಸೂಲಿಯ ತಂತ್ರಾಂಶ. ಕಂತು ತಪ್ಪಿಸಿದವರಿಗೆ ಯಾವ ಹೊತ್ತಿಗೆ ಫೋನ್ ಮಾಡಬೇಕು, ಅವರು ಎತ್ತದಿದ್ದರೆ ಯಾವ ನೆಂಟರಿಗೆ ಮಾಡಬೇಕು ಎಂದು ಅದು ಹೇಳುತ್ತದೆ. ಊರಲ್ಲಿ ಸೊಸೈಟಿ ಸಾಲದ ನೋಟಿಸು ಬಂದ ದಿನ ಅಪ್ಪ ಊಟ ಬಿಟ್ಟಿದ್ದರು. ವಿಷಯ ಚಿಕ್ಕಪ್ಪನಿಗೆ ಗೊತ್ತಾಗಬಾರದು ಎನ್ನುವುದೊಂದೇ ಅವರ ಚಿಂತೆ.

ಅಷ್ಟು ದಿನ ಚರ್ಚೆ ಮಾಡಿದ ನಮ್ಮಲ್ಲಿ ಒಬ್ಬರೂ, ನಾವು ಮಾಡುತ್ತಿರುವುದು ಒಳ್ಳೆಯದೇ ಎಂದು ಕೇಳಲಿಲ್ಲ. ಆ ಮಾತು ಕೊಡುವುದು ಕಷ್ಟ, ಸಾಲು ತೆಗೆಯುವುದು ಸುಲಭ ಎಂದಷ್ಟೇ ಲೆಕ್ಕ ಹಾಕಿದೆವು. ಲೈಸೆನ್ಸಿನಲ್ಲಿ ಆ ಷರತ್ತು ಇರಬಾರದು ಎಂದು ಈಗಲೂ ಒಪ್ಪುತ್ತೇನೆ. ಆದರೆ ಷರತ್ತು ಹೋದರೆ ಪ್ರಶ್ನೆಯೂ ಹೋಗಬೇಕೆಂದಿಲ್ಲ. ಅದು ಕೇಳಬೇಕಾದ ಕಡೆಗೆ, ನನ್ನ ಮೇಜಿಗೆ, ಬರುತ್ತದೆ.

ಮೊನ್ನೆ ಮೀಟಿಂಗಿನಲ್ಲಿ ಕೇಳಿಯೇಬಿಟ್ಟೆ: ನೆಂಟರಿಗೆ ಕರೆ ಹೋಗುವುದನ್ನು ನಿಲ್ಲಿಸಬಹುದಾ? ಅದು ಗ್ರಾಹಕರ ತೀರ್ಮಾನ ಎಂದರು. ಮುಂದಿನ ತಿಂಗಳ ಬಿಡುಗಡೆಗೆ ಎಲ್ಲ ಸರಿಯಿದೆ ಎಂದು ಸಹಿ ಹಾಕಬೇಕಾದವನು ನಾನು. ಲೈಸೆನ್ಸುಗಳೇನೋ ಸರಿಯಾಗಿವೆ.